ಜಿಐಎಸ್‌ನಲ್ಲಿ ನೆಟ್‌ವರ್ಕ್ ಡಿಸೈನ್‌ಗೆ ಡೇಟಾ ಹೇಗೆ ಜೋಡಿಸಿಟ್ಕೊಳ್ಳೋದು?

ಜಿಐಎಸ್‌ನಲ್ಲಿ, ಅಂದ್ರೆ ಕಂಪ್ಯೂಟರ್ ಮ್ಯಾಪ್ ಮೇಲೆ ಡೇಟಾ ಇಟ್ಟು ಲೆಕ್ಕ ಹಾಕೋ ಸಾಫ್ಟ್‌ವೇರ್‌ನಲ್ಲಿ, ನೀರಿನ ಪೈಪ್ ಅಥವಾ ಫೈಬರ್ ಲೈನ್ ಡಿಸೈನ್ ಶುರು ಮಾಡೋ ಮುಂಚೆ ಲೇಯರ್‌ಗಳನ್ನ (ಮ್ಯಾಪ್‌ನ ಒಂದೊಂದು ಡೇಟಾ ಪದರ) ಹೇಗೆ ಇಟ್ಕೋಬೇಕು ಅಂತ ಕೇಳಿದೀರ. ಎರಡೇ ಮುಖ್ಯ ಟೇಬಲ್ ಸಾಕು, ಒಂದು ನೋಡ್‌ಗಳದ್ದು (ವಾಲ್ವ್, ಜಂಕ್ಷನ್, ಟ್ಯಾಂಕ್), ಇನ್ನೊಂದು ಅವನ್ನ ಕೂಡಿಸೋ ಲೈನ್‌ಗಳದ್ದು, ಪ್ರತಿ ಲೈನ್‌ಗೂ ಎಲ್ಲಿಂದ ಎಲ್ಲಿಗೆ ಅನ್ನೋ ನೋಡ್ ಐಡಿ ಇರ್ಲೇಬೇಕು.

ಜನ ಎಡವೋದು ಕನೆಕ್ಷನ್‌ನಲ್ಲಿ. ಎರಡು ಪೈಪ್ ತುದಿ ಮಧ್ಯ ಬರೀ 2 ಸೆಂಟಿಮೀಟರ್ ಗ್ಯಾಪ್ ಇದ್ರೂ ಸ್ಕ್ರೀನ್ ಮೇಲೆ ಕೂಡಿದ ಹಾಗೇ ಕಾಣತ್ತೆ, ಆದ್ರೆ ಸಾಫ್ಟ್‌ವೇರ್‌ಗೆ ಅದು ಕಡಿದುಹೋದ ಲೈನ್, ಮುಂದಿನ ಲೆಕ್ಕ ಎಲ್ಲಾ ಅಲ್ಲೇ ನಿಂತುಬಿಡತ್ತೆ. ಅದಕ್ಕೇ ಕ್ಯೂಜಿಐಎಸ್‌ನಲ್ಲಿ (ಉಚಿತ ಜಿಐಎಸ್ ಸಾಫ್ಟ್‌ವೇರ್) ಡಿಜಿಟೈಸ್ ಮಾಡೋವಾಗ, ಅಂದ್ರೆ ಲೈನ್ ಬರೆಯೋವಾಗ, ಸ್ನ್ಯಾಪಿಂಗ್ (ಹತ್ತಿರದ ತುದಿಗೆ ತಾನೇ ಅಂಟಿಕೊಳ್ಳೋ ಸೌಲಭ್ಯ) ಆನ್ ಇಟ್ಕೊಳ್ಳಿ, ಆಮೇಲೆ ಇಂಥ ಕನೆಕ್ಷನ್ ತಪ್ಪು ಹುಡುಕೋ ಟೋಪಾಲಜಿ ಚೆಕರ್ ಓಡಿಸಿ. ಉಲ್ಟಾ ತೊಂದರೆನೂ ಇದೆ, ಒಂದು ಪೈಪ್ ಇನ್ನೊಂದರ ಕೆಳಗೆ ಹಾದುಹೋಗಿರತ್ತೆ ಅಷ್ಟೇ, ಅಲ್ಲಿ ಜಂಕ್ಷನ್ ಇರಲ್ಲ, ಹಾಗಾಗಿ ಗೆರೆ ದಾಟಿದ ಕಡೆಯೆಲ್ಲಾ ಕಣ್ಮುಚ್ಚಿ ನೋಡ್ ಹಾಕ್ಬೇಡಿ.

ಉದ್ದ ಅಳೆಯೋಕೆ ಅಕ್ಷಾಂಶ-ರೇಖಾಂಶದ ಡಿಗ್ರಿ ಬೇಡ, ಯುಟಿಎಂ ತರ ಮೀಟರ್ ಇರೋ ಪ್ರೊಜೆಕ್ಷನ್‌ಗೆ (ಭೂಮಿನ ಚಪ್ಪಟೆ ಮ್ಯಾಪ್ ಮೇಲೆ ತೋರಿಸೋ ವಿಧಾನ) ಎಲ್ಲಾ ಲೇಯರ್ ತಂದುಬಿಡಿ. ಹಳೇ ಲೈನ್, ಹೊಸ ಪ್ರಸ್ತಾವಿತ ಲೈನ್ ಬೇರೆ ಬೇರೆ ಫೈಲ್ ಮಾಡೋ ಬದಲು ಒಂದೇ ಟೇಬಲ್‌ನಲ್ಲಿ ಸ್ಟೇಟಸ್ ಕಾಲಂ ಇಡೋದು ನಂಗೆ ಸರಿ ಅನ್ಸತ್ತೆ, ವ್ಯಾಸ, ಮೆಟೀರಿಯಲ್, ಹಾಕಿದ ವರ್ಷನೂ ಅಲ್ಲೇ ಇರ್ಲಿ. ಶೇಪ್‌ಫೈಲ್ ಅನ್ನೋ ಹಳೇ ಮ್ಯಾಪ್ ಫೈಲ್ ಫಾರ್ಮ್ಯಾಟ್‌ನಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ಕಟ್ ಆಗತ್ತೆ, ಅದರ ಬದಲು ಜಿಯೋಪ್ಯಾಕೇಜ್ ಫಾರ್ಮ್ಯಾಟ್ ಬಳಸಿ.