ಕೊಡಗಿನಂಥ ಸಣ್ಣ ಊರಲ್ಲೂ ಆನ್‌ಲೈನ್ ಮೋಸದ ಕಾಟ ಇದೆಯಾ? ಅಪ್ಪ-ಅಮ್ಮನ ಜೊತೆ ಬಂದು ನೆಲೆಸಬಹುದಾ?

ಗೋಣಿಕೊಪ್ಪದಲ್ಲಿ ನನ್ನದೊಂದು ಪುಟ್ಟ ಅಂಗಡಿ. ಜೆರಾಕ್ಸ್, ಪಹಣಿ, ಪರೀಕ್ಷೆ ಅರ್ಜಿ, ಬಸ್ ಟಿಕೆಟ್, ಹೀಗೆ ‘ಆನ್‌ಲೈನ್ ಸೇವೆ’ ಅಂತ ಬೋರ್ಡು ಹಾಕಿಕೊಂಡು ಕೂತವನು. ಊರಿನವರ ಫೋನುಗಳು ಒಂದಲ್ಲ ಒಂದು ಕೆಲಸಕ್ಕೆ ನನ್ನ ಟೇಬಲ್ಲಿಗೆ ಬಂದೇ ಬರುತ್ತವೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಹೇಳೋ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೀನಿ.

ನೀವು ಕೇಳಿರೋದು ಎರಡು. ಬೆಂಗಳೂರು ಬಿಟ್ಟು ಬಂದರೆ ಮನೆಯಲ್ಲೇ ಕೂತು ಕೆಲಸ ಮಾಡುವಷ್ಟು ಇಂಟರ್ನೆಟ್ ಸಿಗುತ್ತಾ? ನಿವೃತ್ತರಾದ ಅಪ್ಪ-ಅಮ್ಮನಿಗೆ ಆನ್‌ಲೈನ್ ಕಳ್ಳರ ಕಾಟ ಇಲ್ಲಿ ಕಮ್ಮಿನಾ? ಎರಡನೆಯದಕ್ಕೆ ಮೊದಲು ಹೇಳ್ತೀನಿ: ಕಮ್ಮಿ ಇಲ್ಲ.

ಇಂಟರ್ನೆಟ್ಟಿಂದ ಅನುಕೂಲ ಆಗಿಲ್ಲ ಅಂತಲ್ಲ. ಹಿಂದೆ ಕಾಫಿ ರೇಟು ತಿಳಿಯಬೇಕಂದ್ರೆ ಪೇಟೆಗೆ ಬಂದು ನಾಲ್ಕು ವ್ಯಾಪಾರಿಗಳ ಅಂಗಡಿ ಹತ್ತಿ ಇಳಿಯಬೇಕಿತ್ತು. ಈಗ ರೊಬಸ್ಟಾ ಚೆರಿ, ಪಾರ್ಚ್‌ಮೆಂಟ್, ಕರಿಮೆಣಸು ಎಲ್ಲದರ ದರ ಬೆಳಿಗ್ಗೆಯೇ ವಾಟ್ಸಾಪಿಗೆ ಬಂದಿರುತ್ತೆ. ಎರಡೆಕರೆ ತೋಟದವನೂ ಓಟಿ (ಔಟ್‌ಟರ್ನ್, ಅಂದ್ರೆ ಚೀಲಕ್ಕೆ ಎಷ್ಟು ಕಾಫಿ ಬೀಜ ಸಿಗುತ್ತೆ ಅನ್ನೋದು) ಲೆಕ್ಕ ಹಾಕಿಕೊಂಡೇ ಚೀಲ ಇಳಿಸೋದು. ಸಿದ್ದಾಪುರ, ಪಾಲಿಬೆಟ್ಟ ಕಡೆ ಕಾಡಾನೆ ಸುದ್ದಿಗೇ ವಾಟ್ಸಾಪ್ ಗ್ರೂಪುಗಳಿವೆ: ‘ಕೆರೆ ಪಕ್ಕದ ಬ್ಲಾಕಿನಲ್ಲಿ ಮರಿ ಸಮೇತ ನಿಂತಿದ್ದಾವೆ, ಕೆಲಸದವರನ್ನ ಆ ಕಡೆ ಬಿಡಬೇಡಿ’ ಅಂತ ಬೆಳಕು ಹರಿಯೋ ಮೊದಲೇ ಸುದ್ದಿ. ಕೋವಿಡ್ ಕಾಲದಲ್ಲಿ ಶನಿವಾರಸಂತೆ ಹತ್ತಿರದ ಮುಳ್ಳೂರಿನ ಸರ್ಕಾರಿ ಶಾಲೆ ಮೇಷ್ಟ್ರೊಬ್ಬರು ಸಿಗ್ನಲ್ಲಿಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿ ಪಾಠ ಮಾಡಿದ್ದು ಪತ್ರಿಕೆಗಳಲ್ಲೂ ಬಂದಿತ್ತು.

ಇನ್ನು ಮೋಸದ ವಿಚಾರ. ‘ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು, ಹಾಗಾಗಿ ಭಯ ಇಲ್ಲ’ ಅನ್ನೋ ಲೆಕ್ಕ ನಿಮ್ಮದು. ಕಳ್ಳನಿಗೆ ಅನುಕೂಲ ಆಗೋದೂ ಅದೇ. ಗೊತ್ತಿರೋರು ಅಂದ ಕೂಡಲೇ ನಾವು ನಂಬ್ತೀವಿ. ಮೋಸ ಹೋದ ಮೇಲೆ ಅದೇ ಗೊತ್ತಿರೋರ ಮುಂದೆ ಹೇಳಿಕೊಳ್ಳೋಕೆ ನಾಚ್ತೀವಿ.

ನಮ್ಮ ಜಿಲ್ಲೆಯಲ್ಲಿ ಮಿಲಿಟರಿ ಅಂದ್ರೆ ಏನು ಗೌರವ ಅಂತ ನಿಮಗೆ ಗೊತ್ತಿರುತ್ತೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನೆಲ. ಮನೆಮನೆಯಲ್ಲೂ ಒಬ್ಬ ಸುಬೇದಾರನೋ ಹವಾಲ್ದಾರನೋ ಇರ್ತಾನೆ. ಹೋಂಸ್ಟೇ ನಡೆಸೋರಿಗೆ ಬರೋ ಕರೆಯೂ ಅದೇ ವೇಷದ್ದು. ‘ನಾನು ಆರ್ಮಿಯಿಂದ, ನಮ್ಮ ಹುಡುಗರು ಹತ್ತು ಜನ ಬರ್ತಾರೆ, ಮೂರು ದಿನ ರೂಮು ಬೇಕು.’ ಯೂನಿಫಾರ್ಮಿನ ಫೋಟೊ, ಐಡಿ ಕಾರ್ಡು, ಎಲ್ಲಾ ವಾಟ್ಸಾಪಿನಲ್ಲಿ ಬರುತ್ತೆ. ಆಮೇಲೆ, ‘ನಮ್ಮ ಅಕೌಂಟಿನಿಂದ ದುಡ್ಡು ಬರೋ ಪದ್ಧತಿ ಬೇರೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ನಿಮಗೆ ಬರುತ್ತೆ.’ ಪಿನ್ ಹಾಕಿದರೆ ದುಡ್ಡು ಹೋಗುತ್ತೆ ಹೊರತು ಬರೋದಿಲ್ಲ. ಯುಪಿಐ ಶುರುವಾದ 2016ರಿಂದಲೂ ಅದರ ನಿಯಮ ಇಷ್ಟೇ.

ಪೊನ್ನಂಪೇಟೆ ಕಡೆಯ ಒಬ್ಬರ ಮನೆಯಲ್ಲಿ ಇಂಥ ಕರೆ ಬಂದಾಗ ಹೆಂಡತಿ ಕೈಯಿಂದ ಫೋನು ಇಸಕೊಂಡವರು ರಿಟೈರಾದ ಹವಾಲ್ದಾರರು. ‘ಯಾವ ರೆಜಿಮೆಂಟ್ ಸಾಬ್?’ ಅಂತ ವಿಚಾರಿಸಿದ್ದಾರೆ. ಮದ್ರಾಸ್ ರೆಜಿಮೆಂಟ್ ಅಂದ. ‘ಓಹೋ, ನಮ್ಮವರೇ! ಟ್ರೈನಿಂಗ್ ಎಲ್ಲಿ ಆಯ್ತು?’ ಆ ಕಡೆಯಿಂದ ಠೀವಿಯಲ್ಲೇ ಉತ್ತರ: ‘ಚೆನ್ನೈ.’ ಮದ್ರಾಸ್ ರೆಜಿಮೆಂಟಲ್ ಸೆಂಟರ್ ಇರೋದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿ. ಮುಂದೆ ಹವಾಲ್ದಾರರು ಆಡಿದ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಆದರೆ ಎಲ್ಲರ ಮನೆಯಲ್ಲೂ ಆ ಹೊತ್ತಿಗೆ ಹವಾಲ್ದಾರರು ಪಕ್ಕದಲ್ಲೇ ಇರೋದಿಲ್ಲವಲ್ಲ.

ಎರಡನೆಯದು ಮದುವೆ ಕಾಗದ. ಮದುವೆ ಸೀಸನ್ನಿನಲ್ಲಿ ವಾಟ್ಸಾಪಿಗೆ ಆಮಂತ್ರಣ ಬರುತ್ತೆ, ಅದೂ ಪರಿಚಯದ ನಂಬರಿಂದಲೇ. ಅದು ಫೋಟೊ ಅಲ್ಲ, ಪಿಡಿಎಫ್ಫೂ ಅಲ್ಲ. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಅಂತಿರುತ್ತೆ, ಅಂದ್ರೆ ಫೋನಿಗೆ ಆ್ಯಪ್ ಹಾಕೋ ಫೈಲು. ಒತ್ತಿ ಇನ್‌ಸ್ಟಾಲ್ ಮಾಡಿ, ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ ಮೆಸೇಜು, ಓಟಿಪಿ ಎಲ್ಲ ಬೇರೆಯವನ ಕಣ್ಣಿಗೆ. ನಿಮ್ಮ ಕಾಂಟ್ಯಾಕ್ಟಿನಲ್ಲಿ ಇರೋರಿಗೆಲ್ಲ ನಿಮ್ಮ ಹೆಸರಿನಲ್ಲೇ ಅದೇ ಕಾಗದ ಹೋಗುತ್ತೆ. ಟ್ರಾಫಿಕ್ ದಂಡದ ಚಲನ್ ಅಂತಲೂ ಇದೇ ಥರದ ಫೈಲು ಓಡಾಡುತ್ತೆ. ನಮ್ಮಲ್ಲಿ ಮದುವೆಗೆ ಹೋಗದಿದ್ದರೆ ವರ್ಷಗಟ್ಟಲೆ ಮಾತು ಕೇಳಬೇಕು, ಹಾಗಾಗಿ ಕಾಗದ ತೆರೆದು ನೋಡದೆ ಬಿಡೋರು ಯಾರು? ಅಮ್ಮನ ಫೋನಿನಲ್ಲಿ ಗೊತ್ತಿಲ್ಲದ ಕಡೆಯಿಂದ ಆ್ಯಪ್ ಹಾಕೋ ಅನುಮತಿ ಬಂದ್ ಮಾಡಿಡಿ. ಒಂದು ನಿಮಿಷದ ಕೆಲಸ.

ಇನ್ನು ನಾಚಿಕೆ. ಇದನ್ನು ನಾನು ಸ್ವಲ್ಪ ಬಿಡಿಸಿಯೇ ಹೇಳ್ತೀನಿ, ಯಾಕಂದ್ರೆ ದುಡ್ಡು ವಾಪಸ್ ಬಾರದೆ ಹೋಗೋದು ಹೆಚ್ಚಾಗಿ ಇದರಿಂದ. ಹಿರಿಯ ಮೇಡಂ ಒಬ್ಬರು ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಮಾಡಿಸೋಕೆ ಅಂಗಡಿಗೆ ಬಂದಿದ್ದರು. ಕಾಗದ ಹೊರಗೆ ಬರ್ತಿದ್ದ ಹಾಗೆ ತಿರುಗಿಸಿ ಬೋರಲು ಹಾಕಿದರು, ನಾನು ನೋಡಬಾರದು ಅಂತ. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟರು: ‘ಮುಂಬೈ ಪೊಲೀಸ್’ ವಿಡಿಯೊ ಕರೆ, ಪಾರ್ಸೆಲ್ಲಿನಲ್ಲಿ ಡ್ರಗ್ಸ್, ವಿಡಿಯೊದಲ್ಲೇ ಬಂಧಿಸಿದ್ದೀವಿ ಅನ್ನೋ ‘ಡಿಜಿಟಲ್ ಅರೆಸ್ಟ್’ ಬೆದರಿಕೆ, ಎರಡು ದಿನ ಕ್ಯಾಮೆರಾ ಎದುರೇ ಕೂತಿದ್ದು. ಅಷ್ಟು ಹೊತ್ತಿಗೆ ದುಡ್ಡು ಹೋಗಿ ವಾರ ಕಳೆದಿತ್ತು. ಯಾಕೆ ಯಾರಿಗೂ ಹೇಳಲಿಲ್ಲ ಅಂದ್ರೆ, ‘ಸ್ಟೇಷನ್ನಿನಲ್ಲಿ ಇರೋರೆಲ್ಲ ನನ್ನ ಹಳೇ ಸ್ಟೂಡೆಂಟ್ಸ್ ಕಣಪ್ಪ.’

ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಅಂಥದ್ದೊಂದು ಕರೆಯ ರೆಕಾರ್ಡಿಂಗ್ ಕೇಳಿಸಿದ್ದರು. ಕರೆ ಬಂದಿದ್ದು ನಮ್ಮದೇ ರಾಜ್ಯದ ವಿಜಯಪುರದವರಿಗೆ. ಅಪ್ಪ-ಅಮ್ಮನಿಗೆ ನೀವು ಕಲಿಸಬೇಕಾದ ನಂಬರು 1930, ಸೈಬರ್ ಮೋಸದ ದೂರಿಗಿರೋ ಸರ್ಕಾರಿ ಸಹಾಯವಾಣಿ. ಪಾಸ್‌ವರ್ಡ್ ಪಾಠಕ್ಕಿಂತ ಮೊದಲು ಇದನ್ನು ಬಾಯಿಪಾಠ ಮಾಡಿಸಿ. ದುಡ್ಡು ಹೋದ ಮೊದಲ ಒಂದೆರಡು ಗಂಟೆಯಲ್ಲಿ ಕರೆ ಮಾಡಿದರೆ, ಅದು ಇನ್ನೊಂದು ಅಕೌಂಟಿಗೆ ಜಿಗಿಯೋ ಮೊದಲೇ ಹಿಡಿದಿಡೋ ಸಾಧ್ಯತೆ ಇರುತ್ತೆ. ಮಡಿಕೇರಿಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳೋ ಸಿಇಎನ್ ಪೊಲೀಸ್ ಠಾಣೆ ಇದೆ, ಆದರೆ ಮೊದಲ ಕೆಲಸಕ್ಕೆ ಘಾಟಿ ಹತ್ತಿ ಹೋಗಬೇಕಾಗಿಲ್ಲ. ಫೋನೇ ಸಾಕು, ಹಳೇ ಸ್ಟೂಡೆಂಟ್ ಎದುರು ನಿಲ್ಲೋ ಮುಜುಗರವೂ ಇಲ್ಲ. ಬ್ಯಾಂಕಿಗೂ ಕೂಡಲೇ ತಿಳಿಸಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ, ಹೊರಗಿನವರಿಂದ ಆದ ಅನಧಿಕೃತ ವಹಿವಾಟಿಗೆ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ನಷ್ಟ ನಿಮ್ಮ ತಲೆ ಮೇಲೆ ಬರೋದಿಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಓಟಿಪಿ ನೀವೇ ಕೊಟ್ಟಿದ್ದರೆ ಮಾತು ಬೇರೆ.

ಅಂಗಡಿಯವರದ್ದು ಇನ್ನೊಂದು ಸಂಕಟ, ಇದು ಪೇಪರಿನಲ್ಲಿ ಅಷ್ಟಾಗಿ ಬರಲ್ಲ. ಟೂರಿಸ್ಟ್ ಬರ್ತಾನೆ, ಏಲಕ್ಕಿ, ಜೇನು, ಚಾಕೊಲೇಟ್ ತಗೊಂಡು ಸ್ಕ್ಯಾನ್ ಮಾಡಿ ಹೋಗ್ತಾನೆ. ಆ ದುಡ್ಡು ಎಲ್ಲೋ ಉತ್ತರದಲ್ಲಿ ಯಾರದ್ದೋ ಅಕೌಂಟಿನಿಂದ ಕದ್ದದ್ದಾಗಿದ್ದರೆ, ಅದರ ಜಾಡು ಹಿಡಿದ ಬೇರೆ ರಾಜ್ಯದ ಪೊಲೀಸರ ಸೂಚನೆ ಮೇಲೆ ಅಂಗಡಿಯವನ ಖಾತೆಯಲ್ಲೂ ದುಡ್ಡು ತಡೆಹಿಡೀತಾರೆ. ಕೆಲವೊಮ್ಮೆ ಇಡೀ ಖಾತೆಯೇ ಬಂದ್. ಮುನ್ನೂರು ರೂಪಾಯಿ ಜೇನಿಗಾಗಿ ಕೆಲಸದವರ ಸಂಬಳ ನಿಂತದ್ದನ್ನು ಕಣ್ಣಾರೆ ನೋಡಿದ್ದೀನಿ. ಬ್ಯಾಂಕಿನವರು ‘ಪೊಲೀಸರನ್ನ ಕೇಳಿ’ ಅಂತಾರೆ, ಆ ಪೊಲೀಸ್ ಠಾಣೆ ಇರೋದು ಎರಡು ಸಾವಿರ ಕಿಲೋಮೀಟರ್ ಆಚೆ. ಇವನಿಗೆ ಹಿಂದಿ ಅಷ್ಟಕ್ಕಷ್ಟೆ. ಇಲ್ಲಿಗೆ ಬಂದು ಅಂಗಡಿನೋ ಹೋಂಸ್ಟೇನೋ ಮಾಡೋ ಯೋಚನೆ ಇದ್ದರೆ ವ್ಯಾಪಾರದ ಖಾತೆ ಬೇರೆ, ಮನೆ ಉಳಿತಾಯದ ಖಾತೆ ಬೇರೆ ಇಡಿ, ಬಿಲ್ಲು ಎತ್ತಿಡಿ.

ಸುಳ್ಳು ಸುದ್ದಿಗೆ ಮಳೆಗಾಲವೇ ಸೀಸನ್. 2018ರ ಆಗಸ್ಟಿನಲ್ಲಿ ಗುಡ್ಡದ ಮೇಲಿನ ಮನೆ ಜಾರಿ ಬೀಳೋ ವಿಡಿಯೊ ನೀವೂ ನೋಡಿರ್ತೀರಿ. ಜುಲೈ ಬಂದರೆ ಅಂಥ ಹಳೇ ವಿಡಿಯೊಗಳು ‘ಈಗಷ್ಟೇ ಬಂದ ಸುದ್ದಿ’ ಅಂತ ಮತ್ತೆ ಸುತ್ತುತ್ತವೆ, ಹೋಂಸ್ಟೇ ಬುಕಿಂಗ್ ಕ್ಯಾನ್ಸಲ್ ಆಗುತ್ತವೆ. ಶಾಲೆಗೆ ರಜೆ ಅಂತ ಜಿಲ್ಲಾಧಿಕಾರಿಯ ಹಳೇ ಆದೇಶಕ್ಕೆ ತಾರೀಖು ತಿದ್ದಿ ಬಿಡೋ ಹುಡುಗರೂ ಇದ್ದಾರೆ. ಅವರ ಕಲೆಯನ್ನ ಮೆಚ್ಚಲೇಬೇಕು, ಸೀಲು ಕೂಡ ಅಲುಗಾಡಿರಲ್ಲ.

ಮನೆಯೋ ಜಾಗವೋ ಕೊಳ್ಳೋದಾದ್ರೆ ಒಂದು ಕೆಲಸ ಮೊದಲೇ ಮಾಡಿ. 2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಆಧಾರ್ ಬೆರಳಚ್ಚಿನ ಮೇಲೆ ದುಡ್ಡು ಎಗರಿಸಿದ್ದರು, ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿ. ಆಧಾರಿನ ಅಧಿಕೃತ ಆ್ಯಪಿನಲ್ಲಿ ಮನೆಯವರೆಲ್ಲರ ಬಯೊಮೆಟ್ರಿಕ್ ಲಾಕ್ ಮಾಡಿಡಿ, ಬೇಕಾದಾಗ ತೆರೆದರಾಯ್ತು.

ಉಳಿದದ್ದು ನಿಮ್ಮ ಮೊದಲ ಪ್ರಶ್ನೆ. ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ, ಕುಶಾಲನಗರ ಪೇಟೆಗಳಲ್ಲಿ ಫೈಬರ್ ಸಿಗುತ್ತೆ, ವಿಡಿಯೊ ಮೀಟಿಂಗಿಗೆ ತೊಂದರೆ ಇಲ್ಲ. ಪೇಟೆ ದಾಟಿ ತೋಟದೊಳಗೆ ಹೋದಂತೆ ಪ್ರತಿ ತಿರುವಿಗೂ ಕಥೆ ಬೇರೆ. ಸಿಲ್ವರ್ ಓಕ್ ಒಂದು ಉರುಳಿದರೆ ಕರೆಂಟ್ ತಂತಿಯೂ ಫೈಬರೂ ಒಟ್ಟಿಗೇ ಹೋಗುತ್ತವೆ, ಟವರಿನ ಬ್ಯಾಟರಿ ಮುಗಿದ ಮೇಲೆ ಮೊಬೈಲೂ ಮೂಕ. ದೊಡ್ಡ ಇನ್ವರ್ಟರ್, ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಲ್ಲದೆ ಕೆಲಸ ಆಗೋದಿಲ್ಲ. ಬ್ರೋಕರು ಜನವರಿಯಲ್ಲಿ ಕರೆದುಕೊಂಡು ಹೋಗಿ ‘ಫುಲ್ ಸಿಗ್ನಲ್ ಸಾರ್’ ಅಂದ್ರೆ ನಂಬಿ ಅಡ್ವಾನ್ಸ್ ಕೊಡಬೇಡಿ. ಜುಲೈ ಎರಡನೇ ವಾರ ಬನ್ನಿ, ಆ ಮನೆಯ ಹತ್ತಿರವೇ ಎರಡು ರಾತ್ರಿ ಉಳಿದು, ಲ್ಯಾಪ್‌ಟಾಪ್ ತೆರೆದು ನಿಮ್ಮ ಆಫೀಸಿನ ಕೆಲಸ ಮಾಡಿ ನೋಡಿ, ಆಮೇಲೆ ಬೆಲೆ ಮಾತಾಡಿ.