ಪರೀಕ್ಷೆಗೆ ನಾಲ್ಕೈದು ವಿಷಯ ಒಟ್ಟಿಗೆ ಓದುವುದು ಹೇಗೆ? ಒಂದನ್ನು ಪೂರ್ತಿ ಮುಗಿಸಿ ಇನ್ನೊಂದು ಹಿಡಿಯಬೇಕಾ?

ಬೇಡ. ಕೊನೆಯ ವಿಷಯ ಮುಗಿಯುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ದಿನಕ್ಕೆ ಎರಡು ಮೂರು ವಿಷಯ ಇಟ್ಟುಕೊಳ್ಳಿ. ಗಣಿತ ಮಾತ್ರ ದಿನಾ ಇರಲಿ, ಲೆಕ್ಕ ಮಾಡಿ ಮಾಡಿಯೇ ಬರಬೇಕು.

ಅದಕ್ಕಿಂತ ಮುಖ್ಯ, ಓದಿದ್ದನ್ನೇ ಸುಮ್ನೆ ಮತ್ತೆ ಮತ್ತೆ ಓದಬೇಡಿ. ಉದಾಹರಣೆಗೆ, ಪುಸ್ತಕ ಮುಚ್ಚಿ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಪೆನ್ಸಿಲ್ ಎಲ್ಲಿ ನಿಂತಿತೋ ಅಷ್ಟನ್ನೇ ತೆರೆದು ನೋಡಿ. ಎರಡು ದಿನ ಬಿಟ್ಟು ಇನ್ನೊಮ್ಮೆ ಬರೆಯಿರಿ. ಕಷ್ಟ ಅನ್ನಿಸುತ್ತದೆ, ಆದರೆ ಫಲ ಇರುವುದೇ ಅಲ್ಲಿ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದು ಮುಗಿದ ಐದು ನಿಮಿಷಕ್ಕೆ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಪರೀಕ್ಷಿಸಿದಾಗ ಮಾತ್ರ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರಿಗೆ ಜಾಸ್ತಿ ನೆನಪಿತ್ತು. ಪರೀಕ್ಷೆ ಐದು ನಿಮಿಷಕ್ಕೆ ಇರಲ್ಲ ಅಲ್ವಾ?

ಹಳೆ ಪ್ರಶ್ನೆಪತ್ರಿಕೆ ಸಿಕ್ಕರೆ ಗಡಿಯಾರ ಎದುರಿಗಿಟ್ಟು ಬಿಡಿಸಿ.