ಪೆಟ್ಟಿಗೆ ಎಷ್ಟು ಸಲ ಕಟ್ಟುತ್ತೀರಿ?

ಪ್ರ: ನಾವು ಗಂಡ ಹೆಂಡತಿ, ಇಬ್ಬರೂ ನಿವೃತ್ತರು. ಎಂಟು ದಿನದಲ್ಲಿ ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ ಮೂರನ್ನೂ ತೋರಿಸುವ ಪ್ಯಾಕೇಜ್ ಸಿಕ್ಕಿದೆ. ದುಡ್ಡೂ ಕಡಿಮೆ. ಹೋಗಬಹುದಾ? (ಓದುಗರು, ಹಾಸನ)

ಹೋಗಬಹುದು. ನಾನಾಗಿದ್ದರೆ ಹೋಗುತ್ತಿರಲಿಲ್ಲ. ಊರು ಬದಲಾದಾಗಲೆಲ್ಲ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ: ಪೆಟ್ಟಿಗೆ ಕಟ್ಟಬೇಕು, ರೂಮು ಬಿಡಬೇಕು, ಏರ್‌ಪೋರ್ಟಿನಲ್ಲಿ ಸಾಲು ನಿಲ್ಲಬೇಕು, ಹೊಸ ಹೋಟೆಲಿನಲ್ಲಿ ಬಿಸಿನೀರು ಯಾವ ನಲ್ಲಿಯಲ್ಲಿ ಬರುತ್ತದೆ ಅಂತ ಹುಡುಕಬೇಕು. ದೇಶವೇ ಬದಲಾದರೆ ಮುಕ್ಕಾಲು ದಿನ. ಪ್ರವಾಸ ಹೊಂದಿಸಿಕೊಡುವುದೇ ನನ್ನ ಕಸುಬು. ಶುರುವಿನಲ್ಲಿ ನಾನೂ ಇಂಥ ಓಡಾಟವನ್ನೇ ಮಾರುತ್ತಿದ್ದೆ. ಹಾಗೆ ಹೋಗಿ ಬಂದ ಒಂದು ಜೋಡಿ ನನಗೆ ಫೋಟೊ ತೋರಿಸುತ್ತಾ ಕೂತಿದ್ದಾಗ ಈ ದೇವಸ್ಥಾನ ಬ್ಯಾಂಕಾಕಿನದಾ ಕಾಂಬೋಡಿಯಾದ ಸಿಯೆಮ್ ರೀಪಿನದಾ ಅಂತ ಅವರಿಬ್ಬರಿಗೇ ಜಗಳ ಹತ್ತಿತು. ಕಳಿಸಿದ ನನಗೂ ಗೊತ್ತಾಗಲಿಲ್ಲ!

ವಿಯೆಟ್ನಾಂ ಒಂದನ್ನೇ ಇಟ್ಟುಕೊಳ್ಳಿ. ಅದರಲ್ಲೂ ನಡುಭಾಗ ಮಾತ್ರ. ಹುಎ ಊರಲ್ಲಿ ಮೂರು ರಾತ್ರಿ, ಹೋಯ್ ಆನ್‌ನಲ್ಲಿ ಮೂರು ರಾತ್ರಿ. ನಡುವೆ ಹುಎಯಿಂದ, ಹೋಯ್ ಆನ್‌ಗೆ ಹತ್ತಿರದ ದಾ ನಾಂಗ್‌ವರೆಗೆ ರೈಲು ಹಿಡಿಯಿರಿ. ಹನೋಯ್‌ನಿಂದ ಹೋ ಚಿ ಮಿನ್ ಸಿಟಿಗೆ ಹೋಗುವ 1,726 ಕಿ.ಮೀ. ಹಳಿಯ ಒಂದು ತುಣುಕು ಅದು. ಯುದ್ಧದಲ್ಲಿ ತುಂಡಾಗಿದ್ದ ಆ ದಾರಿ 1976ರ ಕೊನೆಯಲ್ಲಿ ಮತ್ತೆ ಒಂದಾಯಿತು. ಈ ತುಣುಕು ನೂರು ಕಿ.ಮೀ. ಚಿಲ್ಲರೆ, ಆದರೂ ಎರಡೂವರೆ ಮೂರು ಗಂಟೆ ಬೇಕು. ಕಾರಿನವರು ಹೈ ವಾನ್ ಗುಡ್ಡದ ಕೆಳಗೆ ಆರು ಕಿ.ಮೀ.ಗೂ ಜಾಸ್ತಿ ಉದ್ದದ ಸುರಂಗದಲ್ಲಿ ಸುಯ್ಯಂತ ದಾಟಿಬಿಡುತ್ತಾರೆ, ಕತ್ತಲು ಬಿಟ್ಟರೆ ಏನೂ ಕಾಣದು. ರೈಲು ಅದೇ ಗುಡ್ಡದ ಸೊಂಟ ಬಳಸಿಕೊಂಡು ಸಮುದ್ರದ ಅಂಚಿನಲ್ಲೇ ಹೋಗುತ್ತದೆ. ಎಡಗಡೆ ಕಿಟಕಿ ಕೇಳಿ ತೆಗೆದುಕೊಳ್ಳಿ.

ಪ್ರ: ನಿಧಾನ ಪ್ರಯಾಣ ಎಲ್ಲ ರಜೆ ಇರುವವರಿಗೆ ಸರಿ ಸಾರ್. ನಾನು ಐಟಿಯಲ್ಲಿದ್ದೇನೆ, ಸಿಗುವುದು ಐದು ದಿನ. (ಓದುಗರು, ಬೆಂಗಳೂರು)

ಹಿಂದೆ ಮುಂದೆ ಶನಿವಾರ ಭಾನುವಾರ ಸೇರಿಸಿದರೆ ಒಂಬತ್ತು ದಿನ ಆಯಿತಲ್ವಾ? ಲಾವೋಸ್‌ಗೆ ಹೋಗಿ. ಉತ್ತರ ಥಾಯ್ಲೆಂಡಿನ ಚಿಯಾಂಗ್ ರಾಯ್‌ವರೆಗೆ ವಿಮಾನ, ಅಲ್ಲಿಂದ ಚಿಯಾಂಗ್ ಖೋಂಗ್‌ಗೆ ಬಸ್ಸು. ಸೇತುವೆ ದಾಟಿದರೆ ಲಾವೋಸ್‌ನ ಹುಯ್ ಸಾಯ್. ಅಲ್ಲಿಂದ ಮೆಕಾಂಗ್ ನದಿಯಲ್ಲಿ ಉದ್ದನೆಯ ಮರದ ದೋಣಿ ಹೊರಡುತ್ತದೆ. ಲುವಾಂಗ್ ಪ್ರಬಾಂಗ್ ಊರು ಮುಟ್ಟಲು ಎರಡು ದಿನ. ಕತ್ತಲಲ್ಲಿ ಬಂಡೆಗಳ ನಡುವೆ ದೋಣಿ ನಡೆಸುವುದು ಅಪಾಯ, ಅದಕ್ಕೇ ರಾತ್ರಿ ಪಾಕ್ ಬೆಂಗ್ ಅನ್ನುವ ಸಣ್ಣ ಊರಲ್ಲಿ ತಂಗುತ್ತಾರೆ. ಸೀಟು ಅಂದರೆ ಹಳೆ ವ್ಯಾನಿನಿಂದ ಕಿತ್ತು ತಂದದ್ದು, ಬೆನ್ನಿಗೆ ಒಂದು ದಿಂಬು ಇರಲಿ. ಇದೇ ನದಿಯಲ್ಲಿ ಹೆಲ್ಮೆಟ್ ಹಾಕಿಸಿ ಓಡಿಸುವ ಸ್ಪೀಡ್ ಬೋಟೂ ಇದೆ. ಅದರ ಸಹವಾಸ ಬೇಡ.

ದೋಣಿಯಲ್ಲಿ ಏನು ನೋಡುವುದು ಅಂತ ಕೇಳಬೇಡಿ. ರಸ್ತೆಯೇ ಇಲ್ಲದ ಹಳ್ಳಿಯ ಮರಳ ದಂಡೆಗೆ ದೋಣಿ ತಾಗುತ್ತದೆ, ಒಬ್ಬಳು ಅಕ್ಕಿ ಮೂಟೆ ಇಳಿಸಿಕೊಂಡು ಹೋಗುತ್ತಾಳೆ, ಮಕ್ಕಳು ಕೈ ಬೀಸುತ್ತಾರೆ, ಮತ್ತೆ ಒಂದು ಗಂಟೆ ಬರೀ ನೀರು, ಕಾಡು. ಮೊದಲ ಮಧ್ಯಾಹ್ನ ನಾನು ಹತ್ತು ನಿಮಿಷಕ್ಕೊಮ್ಮೆ ಫೋನ್ ತೆಗೆದು ಸಿಗ್ನಲ್ ನೋಡುತ್ತಿದ್ದೆ. ಎರಡನೇ ದಿನ ಫೋನ್ ಚೀಲದಲ್ಲೇ ಉಳಿದಿತ್ತು, ಅದು ನೆನಪಾದದ್ದು ಸಂಜೆ. ಅಲ್ಲಿನವರು ನದಿಗೆ ಮೇ ನಾಮ್ ಅನ್ನುತ್ತಾರೆ, ಅಂದರೆ ನೀರಿನ ತಾಯಿ. ಕಾವೇರಮ್ಮ ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2021ರ ಕೊನೆಯಲ್ಲಿ ಚೀನಾದಿಂದ ಹೊಸ ರೈಲು ಬಂದ ಮೇಲೆ ರಾಜಧಾನಿ ವಿಯೆನ್‌ಟಿಯಾನ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಸುಮಾರು ಎರಡೇ ಗಂಟೆ. ವಾಪಸ್ ಬರುವಾಗ ಅದನ್ನೇ ಹಿಡಿಯಿರಿ, ನಾನೇನು ರೈಲಿನ ವಿರೋಧಿಯಲ್ಲ. ಇನ್ನೊಂದು ಮಾತು. ಲುವಾಂಗ್ ಪ್ರಬಾಂಗ್‌ಗಿಂತ ಸ್ವಲ್ಪ ಮೇಲೆ ನದಿಗೆ ಅಣೆಕಟ್ಟು ಕಟ್ಟುತ್ತಿದ್ದಾರೆ. ದೋಣಿ ಎಲ್ಲಿವರೆಗೆ ಹೋಗುತ್ತದೆ ಅಂತ ಹುಯ್ ಸಾಯ್‌ನಲ್ಲೇ ವಿಚಾರಿಸಿ, ಹೋಗುವುದಿದ್ದರೆ ಬೇಗ ಹೋಗಿ.

ಲುವಾಂಗ್ ಪ್ರಬಾಂಗ್‌ನಲ್ಲಿ ಕನಿಷ್ಠ ನಾಲ್ಕು ರಾತ್ರಿ ಇರಿ. ಒಂದು ಸಲ ನಮ್ಮ ಗುಂಪಿನಲ್ಲಿದ್ದ ಅಜ್ಜಿಯೊಬ್ಬರು ಕುವಾಂಗ್ ಸಿ ಜಲಪಾತಕ್ಕೆ ಬರುವುದೇ ಇಲ್ಲ ಅಂದುಬಿಟ್ಟರು. ನೀರು ಬೀಳುವುದನ್ನು ಜೋಗದಲ್ಲಿ ನೋಡಿದ್ದೇನಪ್ಪಾ ಅಂದರು. ನಾವು ಸಂಜೆ ಬಂದು ನೋಡಿದರೆ ಗೆಸ್ಟ್‌ಹೌಸಿನ ಯಜಮಾನಿಯ ಜೊತೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಅಲ್ಲಿಯವರ ಅಂಟು ಅಕ್ಕಿಯನ್ನು ರಾತ್ರಿಯೇ ನೆನೆಹಾಕಿ ಬಿದಿರಿನ ಬುಟ್ಟಿಯಲ್ಲಿ, ನಾವು ಕಡುಬು ಬೇಯಿಸುವ ಹಾಗೆ, ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಬೆರಳಲ್ಲಿ ಸಣ್ಣ ಉಂಡೆ ಮಾಡಿ ತಿನ್ನುವುದು. ಅಜ್ಜಿಗೆ ಲಾವೋ ಬಾರದು, ಆಕೆಗೆ ಕನ್ನಡ ಬಾರದು. ಅದ್ಯಾವುದೂ ಇಬ್ಬರಿಗೂ ತೊಂದರೆ ಅನ್ನಿಸಿದ ಹಾಗೆ ಕಾಣಲಿಲ್ಲ. ಆ ಪ್ರವಾಸದಲ್ಲಿ ಎಲ್ಲರಿಗಿಂತ ಜಾಸ್ತಿ ನೋಡಿದ್ದು ಅಜ್ಜಿಯೇ ಅಂತ ನನ್ನ ಗುಮಾನಿ.

ಪ್ರ: ಲುವಾಂಗ್ ಪ್ರಬಾಂಗ್‌ನಲ್ಲಿ ಬೆಳಗ್ಗೆ ಬೌದ್ಧ ಭಿಕ್ಷುಗಳು ಭಿಕ್ಷೆಗೆ ಬರುತ್ತಾರಂತೆ. ರೀಲ್ ಮಾಡಬಹುದಾ? (ಓದುಗರು, ದಾವಣಗೆರೆ)

ನಿಮ್ಮ ಮನೆಯ ಪೂಜೆಗೆ ಗೊತ್ತಿಲ್ಲದವರು ಬಂದು ಮುಖಕ್ಕೆ ಫ್ಲ್ಯಾಶ್ ಹೊಡೆದರೆ ಹೇಗಿರುತ್ತದೆ? ಭುಜ ಮುಚ್ಚುವ ಬಟ್ಟೆ ಹಾಕಿಕೊಂಡು ರಸ್ತೆಯ ಆಚೆ ಬದಿಯಲ್ಲಿ ಸುಮ್ನೆ ನಿಲ್ಲಿ. ನಾಲ್ಕು ದಿನ ಇದ್ದರೆ ನಾಲ್ಕು ಬೆಳಗ್ಗೆ ಸಿಗುತ್ತದೆ. ರೀಲ್ ಆಸೆ ಎರಡನೇ ದಿನಕ್ಕೇ ಹೋಗುತ್ತದೆ.

ಪ್ರ: ಇಷ್ಟು ದಿನ ಒಂದೇ ಊರಲ್ಲಿದ್ದರೆ ಬೇಜಾರಾಗುವುದಿಲ್ಲವಾ? (ಓದುಗರು, ಹುಬ್ಬಳ್ಳಿ)

ಆಗುತ್ತದೆ. ಸಾಮಾನ್ಯವಾಗಿ ಮೂರನೇ ದಿನ, ಊಟದ ನಂತರ.

ಪ್ರ: ನಮ್ಮ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಈ ದೇಶಗಳಲ್ಲಿ ಉಪವಾಸವೇ ಗತಿಯಾ? (ಓದುಗರು, ಉಡುಪಿ)

ಥಾಯ್ಲೆಂಡಿನಲ್ಲಿ ನಿಮಗೊಂದು ಖುಷಿ ಕಾದಿದೆ. ಅಲ್ಲಿ ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಬರೆದ ‘ಜೇ’ ಅಂಗಡಿ ಹುಡುಕಿ. ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಆ ಅಡುಗೆಗೆ ಬರುವುದಿಲ್ಲ. ವಿಯೆಟ್ನಾಂನಲ್ಲಿ ‘ಚಾಯ್’ ಅನ್ನುವ ಬೋರ್ಡು ನೋಡಿ, ಟೀ ಅಲ್ಲ, ಸಸ್ಯಾಹಾರ ಅಂತ ಅರ್ಥ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ತುಂಬ ಜನ ಸಸ್ಯಾಹಾರವನ್ನೇ ತಿನ್ನುವುದರಿಂದ ಅವತ್ತು ಸುಲಭ. ಕಷ್ಟ ಇರುವುದು ಲಾವೋಸ್‌ನಲ್ಲಿ, ತರಕಾರಿ ಪಲ್ಯಕ್ಕೂ ಮೀನಿನ ಸಾರ ಬೀಳುತ್ತದೆ. ಅಲ್ಲಿಗೆ ಚಟ್ನಿಪುಡಿ ಒಯ್ಯಿರಿ. ಅಂಟನ್ನಕ್ಕೆ ಅದು ಚೆನ್ನಾಗಿಯೇ ಹಿಡಿಯುತ್ತದೆ.